ರಿಂಗು ಕೂರುವವರೆಗೆ ಸಾದಾ ಆಯಿಲ್

ಕ್ಯಾನು ಬಂದದ್ದು ದಪ್ಪ ಕಂಬಳಿಯೊಂದರ ಒಳಗೆ ಸುತ್ತಿಕೊಂಡು. ಮಸ್ಕತ್ತಿನಿಂದ ರಜೆಗೆ ಬಂದಿದ್ದ ವೇಣೂರು ಕಡೆಯವರೊಬ್ಬರು ಪೆಟ್ಟಿಗೆಯನ್ನು ತೋಡಾರಿನ ನನ್ನ ಗ್ಯಾರೇಜಿನೊಳಗೆ ಇಳಿಸಿ, "ನಿಮ್ಮ ಹೆಂಡತಿ ಕೊಟ್ಟದ್ದು. ಒಳಗೆ ಎಂತ ಉಂಟು ಅಂತ ಗೊತ್ತಿಲ್ಲ, ಭಾರ ಮಾತ್ರ ಉಂಟು ಮಾರಾಯ್ರೆ" ಎಂದು ಸೊಂಟ ನೀವಿಕೊಳ್ಳುತ್ತ ಹೋದರು.

ಕಂಬಳಿ ಬಿಡಿಸಿದರೆ ಮಗಳಿಗೊಂದು ನೀಲಿ ಫ್ರಾಕು, ಒಂದು ಜೊತೆ ಬಿಳಿ ಬೂಟು, ಹಾಲಿನ ಪುಡಿಯ ಡಬ್ಬ, ನಡುವೆ ನಾಲ್ಕು ಲೀಟರಿನ ಎಂಜಿನ್ ಆಯಿಲ್. ಮುಚ್ಚಳ ಸೋರದಂತೆ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರನ್ನು ಅದರ ಸುತ್ತ ಬಿಗಿಯಾಗಿ ಸುತ್ತಿದ್ದಳು. ನನ್ನ ಹೆಂಡತಿ ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಮಗಳಿಗೆ ಎರಡು ವರ್ಷ ತುಂಬುವ ಮೊದಲೇ ಹೋದವಳು. ಒಮ್ಮೆ ಸಿಗಬೇಕಿದ್ದ ರಜೆ ಮುಂದಕ್ಕೆ ಹೋಗಿ, ಈಗ ಡಿಸೆಂಬರಿಗೆ ಖಂಡಿತ ಎಂದಾಗಿತ್ತು.

ಕ್ಯಾನಿನ ಮೇಲೆ ಅರಬಿ ಅಕ್ಷರ, ಕೆಳಗೆ ಇಂಗ್ಲಿಷಿನಲ್ಲಿ ಸಿಂಥೆಟಿಕ್ ಎಂದಿತ್ತು. ಅದು ಎರಡು ಸಾವಿರನೇ ಇಸವಿಯ ಆಸುಪಾಸು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಆಯಿಲ್ ಎಂದರೆ ಬ್ಯಾರಲ್ಲಿನಿಂದ ಅಳೆದು ಕೊಡುವ ಸಾದಾ ಆಯಿಲೇ. ಸಿಂಥೆಟಿಕ್ ಬಗ್ಗೆ ಕೇಳಿದ್ದೆ, ಓದಿದ್ದೆ, ಕೈಯಲ್ಲಿ ಹಿಡಿದಿರಲಿಲ್ಲ. ಸಾದಾ ಆಯಿಲನ್ನು ನೆಲದಿಂದ ತೆಗೆದ ಕಚ್ಚಾ ಎಣ್ಣೆಯನ್ನು ಶುದ್ಧಗೊಳಿಸಿ ಮಾಡುತ್ತಾರೆ. ಸಿಂಥೆಟಿಕ್ ಹಾಗಲ್ಲ, ಅದನ್ನು ಕಾರ್ಖಾನೆಯಲ್ಲಿ ಬೇಕಾದ ಗುಣಕ್ಕೆ ತಕ್ಕ ಹಾಗೆ ತಯಾರಿಸುತ್ತಾರೆ. ಎಂಜಿನ್ ಎಷ್ಟು ಕಾದರೂ ಅದು ಬೇಗ ತೆಳ್ಳಗಾಗುವುದಿಲ್ಲ, ಗಸಿ ಕಟ್ಟುವುದು ಕಡಿಮೆ, ಸಾದಾ ಆಯಿಲಿಗಿಂತ ಹೆಚ್ಚು ದೂರ ಓಡುತ್ತದೆ. ಬೆಲೆಯೂ ಹಾಗೆಯೇ.

ಶುಕ್ರವಾರ ಅವಳಿಗೆ ರಜೆ. ಆ ದಿನ ಮಧ್ಯಾಹ್ನ ಗ್ಯಾರೇಜಿಗೆ ಅವಳ ಫೋನು ಬಂತು.

"ಸಿಕ್ಕಿತಾ?"

"ಸಿಕ್ಕಿತು. ಆಯಿಲೆಲ್ಲ ಯಾಕೆ ಕಳಿಸ್ಲಿಕ್ಕೆ ಹೋದೆ?"

"ನಿಮಗೆ ಎಂತ ಬೇಕು ಅಂತ ಕೇಳಿದ್ರೆ ಯಾವಾಗಲೂ ಎಂತ ಬೇಡ ಅಂತೀರಿ. ಇಲ್ಲಿಯ ಆಂಬುಲೆನ್ಸಿನ ಡ್ರೈವರ್ ಹತ್ರ ಕೇಳಿದೆ, ಎಂಜಿನಿಗೆ ಎಲ್ಲಕ್ಕಿಂತ ಒಳ್ಳೇ ಆಯಿಲ್ ಯಾವುದು ಅಂತ. ಇದೇ ಅಂದ. ನಾನು ಬರುವಾಗ ನಮ್ಮ ಕಾರಲ್ಲೇ ಮನೆಗೆ ಹೋಗಬೇಕು. ಈ ಆಯಿಲೇ ಹಾಕಿ, ಆಯ್ತಾ?"

"ಹಾಕ್ತೇನೆ" ಎಂದೆ.

ನಮ್ಮ ಕಾರು ಎಂದು ಅವಳು ಹೇಳಿದ್ದು ಗ್ಯಾರೇಜಿನ ಹಿಂದೆ, ನಮ್ಮ ಮನೆಯ ಪಕ್ಕದ ಗೇರುಮರದಡಿ ನಿಂತಿದ್ದ ಹಳೆಯ ಪೆಟ್ರೋಲ್ ಕಾರನ್ನು. ಗಿರಾಕಿಯೊಬ್ಬರು ಊರು ಬಿಡುವಾಗ ನನಗೇ ಮಾರಿಹೋಗಿದ್ದರು. ನೀಲಿ ಹೊಗೆ ಬಿಡುತ್ತಿತ್ತು. ವಾಲ್ವಿನ ಸೀಲುಗಳು ಹೋಗಿರಬೇಕು, ಎಂಜಿನಿನ ಮೇಲ್ಭಾಗದ ಹೆಡ್ ಇಳಿಸಿ ಅಷ್ಟು ಮಾಡಿದರೆ ಸಾಕು ಎಂಬುದು ನನ್ನ ಅಂದಾಜಾಗಿತ್ತು. ಹೆಂಡತಿಗೂ ಹಾಗೆಯೇ ಹೇಳಿದ್ದೆ.

ಮಳೆಗಾಲ ಮುಗಿಯುತ್ತ ಬಂದಾಗ ಹೆಡ್ ಇಳಿಸಿದೆ. ಅಂದಾಜು ತಪ್ಪಿತ್ತು. ಪಿಸ್ಟನ್ ಓಡಾಡುವ ಕೊಳವೆಗಳಾದ ನಾಲ್ಕು ಬೋರುಗಳ ಮೇಲ್ಭಾಗದಲ್ಲೂ ಉಗುರಿಗೆ ತಡೆಯುವಷ್ಟು ಅಂಚು ಕಟ್ಟಿತ್ತು. ಪಿಸ್ಟನ್ ಓಡಾಡಿ ಓಡಾಡಿ ಬೋರು ಸವೆದಾಗ ಪಿಸ್ಟನಿನ ಸುತ್ತ ಇರುವ ರಿಂಗು ತಲುಪದ ಜಾಗ ಹಾಗೆಯೇ ಉಳಿದು ಅಂಚಾಗುತ್ತದೆ. ಅದನ್ನು ನೋಡಿದ ಮೇಲೆ ಬೇರೆ ಮಾತಿಲ್ಲ. ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿದರೆ ಅದರ ತಳದಲ್ಲಿ ಕಾಫಿಯ ಗಸಿಯಂಥ ಕಪ್ಪು ಮಣ್ಣು. ಆಯಿಲ್ ಎಳೆದುಕೊಳ್ಳುವ ಜಾಲರಿ ಅರ್ಧ ಮುಚ್ಚಿತ್ತು. ಎಂಜಿನ್ ಪೂರ್ತಿ ಇಳಿಸಿ, ಬಿಚ್ಚಿ, ಸವೆದ ಬೋರುಗಳನ್ನು ಹೊಸದಾಗಿ ಕೊರೆಯಲು ಬ್ಲಾಕನ್ನು ಬೋರಿಂಗಿಗೆ ಕೊಡಬೇಕಾಯಿತು.

ಬೋರಿಂಗ್ ಮೆಷಿನ್ ಇದ್ದದ್ದು ಬಂಟ್ವಾಳದಲ್ಲಿ. ಅಲ್ಲಿಯ ಮೇಸ್ತ್ರಿ ಬ್ಲಾಕಿನ ಒಂದೊಂದು ಬೋರನ್ನೂ ಮೇಲೆ, ನಡುವೆ, ಕೆಳಗೆ ಅಳೆದು, "ಒಂದು ಸೈಜ್ ಮೇಲೆ ಹೋಗಬೇಕು. ಮೊದಲು ಪಿಸ್ಟನ್ ತನ್ನಿ, ಅದರ ಅಳತೆಗೆ ನಾನು ಕೊರೀತೇನೆ" ಎಂದರು. ಪಿಸ್ಟನಿಗಾಗಿ ಹೊಳೆ ದಾಟಿ ಪಾಣೆಮಂಗಳೂರಿಗೆ ಹೋದೆ. ಅಲ್ಲಿ ಬಿಡಿಭಾಗದ ಅಂಗಡಿ ಇಟ್ಟಿದ್ದ ಹಾಜಿಯವರಿಂದಲೇ ನಾನು ಮೊದಲಿನಿಂದ ಸಾಮಾನು ತರುತ್ತಿದ್ದದ್ದು. ಅವರ ಮಗ ದುಬೈಯಲ್ಲಿದ್ದ. ಹಾಗಾಗಿ ನಮ್ಮ ಮಾತು ಸಾಮಾನಿನಿಂದ ಶುರುವಾದರೂ ವಿಮಾನದಲ್ಲಿ ಮುಗಿಯುತ್ತಿತ್ತು.

ಮಂಗಳೂರಿನಿಂದ ಪಿಸ್ಟನಿನ ಪೆಟ್ಟಿಗೆ ತರಿಸಿಕೊಟ್ಟರು. ಬಂಟ್ವಾಳದಲ್ಲಿ ಮೇಸ್ತ್ರಿ ಬಿಚ್ಚಿ ನೋಡಿದರೆ ಅದರೊಳಗಿನ ರಿಂಗುಗಳು ಬೇರೆ ಸೈಜಿನವು. ವಾಪಸು ಮಂಗಳೂರಿಗೆ ಹೋಗಿ ಬರುವುದರೊಳಗೆ ಒಂದು ವಾರ ಹೋಯಿತು. ಡಿಸೆಂಬರು ಹತ್ತಿರ ಬರುತ್ತಿತ್ತು, ನನ್ನ ಎಂಜಿನ್ ಇನ್ನೂ ನಾಲ್ಕು ಗೋಣಿಚೀಲಗಳಲ್ಲಿತ್ತು.

ಬೋರಿಂಗ್ ಮುಗಿದ ದಿನ ಹೋದಾಗ ಮೇಸ್ತ್ರಿ ಬ್ಲಾಕನ್ನು ಬಾಗಿಲ ಬೆಳಕಿಗೆ ತಿರುಗಿಸಿ ತೋರಿಸಿದರು. ಬೋರಿನ ಒಳಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳು ಓರೆಯಾಗಿ ಒಂದನ್ನೊಂದು ಕತ್ತರಿಸುತ್ತಿದ್ದವು. ಕೊರೆದ ಮೇಲೆ ಕಲ್ಲಿನಿಂದ ಉಜ್ಜಿ ಹೋನಿಂಗ್ ಮಾಡಿದಾಗ ಬರುವ ಗೆರೆಗಳು ಅವು.

"ಚಂದ ಬಂದಿದೆ" ಎಂದೆ.

"ಬಂದಿದೆ. ಇನ್ನು ನಿಮ್ಮ ಕೈಯಲ್ಲಿ ಉಂಟು" ಎಂದರು ಮೇಸ್ತ್ರಿ. "ಸಾದಾ ಆಯಿಲ್ ಹಾಕಿ ಓಡಿಸಿ. ರಿಂಗು ಚೆನ್ನಾಗಿ ಕೂತುಕೊಳ್ಳಲಿ."

ಆ ಮಾತು ನನಗೆ ಹೊಸದಲ್ಲ. ಹೊಸ ರಿಂಗೂ ಹೊಸ ಬೋರೂ ಮೊದಲ ಸಾವಿರ ಕಿಲೋಮೀಟರಿನಲ್ಲಿ ಒಂದಕ್ಕೊಂದು ಉಜ್ಜಿ, ಆ ಗೆರೆಗಳ ತುದಿ ಮುರಿದು, ಒಂದರ ಆಕಾರಕ್ಕೆ ಇನ್ನೊಂದು ಹೊಂದಿಕೊಳ್ಳಬೇಕು. ಅದಕ್ಕೇ ನಾವು ರಿಂಗು ಕೂರುವುದು ಎನ್ನುವುದು. ಅದಕ್ಕೆ ಸ್ವಲ್ಪ ಉಜ್ಜಾಟ ಬೇಕೇ ಬೇಕು. ಸಿಂಥೆಟಿಕ್ ಆಯಿಲ್ ಉಜ್ಜಲಿಕ್ಕೆ ಬಿಡುವುದೇ ಇಲ್ಲ ಎನ್ನುವಷ್ಟು ಜಾರು. ರಿಂಗು ಕೂರುವ ಮೊದಲೇ ಅದನ್ನು ಹಾಕಿದರೆ ಬೋರು ಕನ್ನಡಿಯ ಹಾಗೆ ಹೊಳಪಾಗಿಬಿಡುವ ಅಪಾಯವುಂಟು. ಆಮೇಲೆ ರಿಂಗು ಎಂದೂ ಕೂರದೆ ಎಂಜಿನ್ ಆಯಿಲ್ ಕುಡಿಯುತ್ತ, ಹೊಗೆ ಬಿಡುತ್ತ ಇರುತ್ತದೆ. ಇದೆಲ್ಲ ನಾನೇ ಬೇರೆಯವರಿಗೆ ಹೇಳುತ್ತಿದ್ದ ವಿಷಯ. ಆದರೆ ಹಾಕ್ತೇನೆ ಎಂದು ಫೋನಿನಲ್ಲಿ ಹೇಳುವಾಗ ಬೋರಿಂಗಿನ ಯೋಚನೆಯೇ ಇರಲಿಲ್ಲ. ಬ್ಲಾಕನ್ನು ಟೆಂಪೋದಲ್ಲಿ ಹಾಕಿಕೊಂಡು ಸಿದ್ದಕಟ್ಟೆ ದಾರಿಯಲ್ಲಿ ಬರುವಾಗ ಇಡೀ ದಾರಿ ಅದೇ ತಲೆಯಲ್ಲಿ.

ಎಂಜಿನ್ ಕಟ್ಟಿದೆ. ರಿಂಗುಗಳ ಸೀಳಿದ ಬಾಯಿಗಳು ಒಂದರ ಕೆಳಗೊಂದು ಬರದಂತೆ ತಿರುಗಿಸಿ ಪಿಸ್ಟನ್ ಇಳಿಸಿದೆ. ಬೇರಿಂಗಿನ ಒಂದೊಂದು ಬೋಲ್ಟು ಬಿಗಿದ ಹಾಗೆಲ್ಲ ಪಿಸ್ಟನುಗಳು ತಿರುಗಿಸುವ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ಎಲ್ಲಿಯೂ ಹಿಡಿಯುವುದಿಲ್ಲ ಎಂದು ನೋಡಿಕೊಂಡೆ. ಗಿರಾಕಿಗಳ ಗಾಡಿಗೆ ಎಷ್ಟು ಜಾಗ್ರತೆ ಮಾಡುತ್ತೇನೋ ಅದಕ್ಕಿಂತ ಸ್ವಲ್ಪ ಹೆಚ್ಚೇ ಮಾಡಿದೆ ಎನ್ನಬೇಕು. ಎಂಜಿನನ್ನು ಕಾರಿಗೆ ಕೂರಿಸಿ, ಮೇಲಿನ ಸಾಮಾನು ಜೋಡಿಸಿ, ಆಯಿಲ್ ಹಾಕುವುದೊಂದು ಉಳಿಯಿತು. ಕ್ಯಾನು ಬೆಂಚಿನ ಮೇಲೆಯೇ ಇತ್ತು. ಹೊಯ್ದರೆ ಎರಡು ನಿಮಿಷದ ಕೆಲಸ.

ಮರುದಿನ ಹಾಜಿಯವರ ಅಂಗಡಿಗೆ ಹೋದೆ. ಬೇರೆ ಸಾಮಾನು ತರಲಿಕ್ಕೂ ಇತ್ತು, ಆದರೆ ಹೋದದ್ದು ಮಾತಿಗೆ. ಅವರು ಪೂರ್ತಿ ಕೇಳಿದರು.

"ಹಾಕಿಬಿಡು ಮಾರಾಯ" ಎಂದರು.

ನನಗೆ ಆಶ್ಚರ್ಯವಾಯಿತು. "ಹಾಜಿಯವರೇ, ಹೊಸ ಬೋರು ಅಲ್ವಾ? ನಿಮಗೆ ಗೊತ್ತುಂಟಲ್ಲ."

"ಗೊತ್ತುಂಟು. ಎಷ್ಟು ವರ್ಷದಿಂದ ಮಾರ್ತಾ ಇದ್ದೇನೆ. ಸ್ವಲ್ಪ ಹೊಗೆ ಬಂದ್ರೆ ಬರ್ಲಿ, ಆಮೇಲೆ ನೋಡುವ. ಅವಳು ಅಷ್ಟು ದೂರದಿಂದ ಆಸೆ ಮಾಡಿ ಕಳಿಸಿದ್ದು. ನನ್ನ ಮಗ ಕಳಿಸಿದ ಅಂಗಿ ನನಗೆ ಕತ್ತಿನ ಹತ್ರ ಬಿಗಿ ಉಂಟು. ಆದ್ರೂ ಶುಕ್ರವಾರ ಅದನ್ನೇ ಹಾಕ್ತೇನೆ ನಾನು."

ಅವರು ತಮಾಷೆ ಮಾಡುತ್ತಿರಲಿಲ್ಲ. ನಾನು ಕೌಂಟರಿನ ಮುಂದೆ ನಿಂತೇ ಇದ್ದೆ. ಅಂಗಿ ಬಿಗಿಯಾದರೆ ಕೊರಳಿಗಷ್ಟೇ ತೊಂದರೆ. ಈ ಕಾರಿನಲ್ಲಿ ಅವಳು ಬರಬೇಕು, ಹೋಗಬೇಕು, ಮತ್ತೆ ಬರಬೇಕು. ಇನ್ನು ಎಷ್ಟೋ ವರ್ಷ ಬಜಪೆಯ ವಿಮಾನ ನಿಲ್ದಾಣದ ದಾರಿ ನಮಗೆ ತಪ್ಪುವುದಿಲ್ಲ ಎಂದು ಗೊತ್ತಿತ್ತು. ಒಂದು ದಿನದ ಸಂತೋಷಕ್ಕೆ ಹಾಕಿ ಎಂಜಿನನ್ನು ಕೆಡಿಸಿದರೆ ಅವಳ ಆಯಿಲಿನಿಂದಲೇ ಕೆಟ್ಟಂತಾಗುತ್ತದೆ. ಅದು ನನಗೆ ಬೇಡವಾಗಿತ್ತು.

"ಸಾದಾ ಆಯಿಲೇ ಕೊಡಿ" ಎಂದೆ. "ಎರಡು ಸಲಕ್ಕೆ ಸಾಕಾಗುವಷ್ಟು."

ಹಾಜಿಯವರು ಅಳೆಯುತ್ತ, "ಅವಳಿಗೆ ಹೇಳ್ಬೇಡ ಹಾಗಾದ್ರೆ. ಹಾಕಿದೆ ಅಂತ ಹೇಳು. ಅವಳು ಬಂದು ಚೇಂಬರ್ ಬಿಚ್ಚಿ ನೋಡ್ತಾಳಾ?" ಎಂದರು.

ಹಾಗೆ ಮಾಡಬಹುದಿತ್ತು. ಆದರೆ ಶುಕ್ರವಾರ ಫೋನು ಬಂದಾಗ ಅವಳ ಮೊದಲ ಪ್ರಶ್ನೆಯೇ ಅದು, ಸುಳ್ಳು ನನ್ನ ಬಾಯಿಗೆ ಬರಲಿಲ್ಲ. ನಾವು ಒಬ್ಬರನ್ನೊಬ್ಬರು ನೋಡುವುದಕ್ಕೆ ಇದ್ದದ್ದೇ ಆ ಫೋನು. ಅದರಲ್ಲಿ ಸುಳ್ಳು ಬಂದರೆ ಮತ್ತೆ ಉಳಿಯುವುದೇನು?

"ನಿನ್ನ ಆಯಿಲ್ ಈಗ ಹಾಕ್ಲಿಕ್ಕೆ ಆಗುವುದಿಲ್ಲ" ಎಂದೆ. "ಎಂಜಿನ್ ಹೊಸದಾಗಿ ಕಟ್ಟಿದ್ದು. ಮೊದಲು ಸಾದಾ ಆಯಿಲಲ್ಲಿ ಓಡಿಸಿ ರಿಂಗು ಕೂರಿಸ್ಬೇಕು. ಅದಾದ ಮೇಲೆ ಹಾಕಬಹುದು."

ಲೈನು ಕಡಿದುಹೋಯಿತೋ ಎಂದು ಎರಡು ಸಲ ಹಲೋ ಎಂದೆ.

"ಇದ್ದೇನೆ" ಎಂದಳು. ಆಮೇಲೆ, "ಆ ಫ್ರಾಕು ಹಾಕಿ ನೋಡಿದ್ರಾ?"

ಹಾಕಿ ನೋಡಿದ್ದೆವು. ಮಗಳನ್ನು ನೋಡಿಕೊಳ್ಳುತ್ತಿದ್ದ ನನ್ನ ಅಕ್ಕ ಹಾಕಿಸಿದ್ದಳು. ಮಗಳ ತೋಳು ಒಳಗೆ ಹೋಗಿರಲಿಲ್ಲ. ಬೂಟೂ ಹಿಮ್ಮಡಿಯಲ್ಲಿ ಬಿಗಿಯಾಗಿತ್ತು.

"ಸ್ವಲ್ಪ ಸಣ್ಣ ಆಗ್ತದೆ" ಎಂದೆ.

"ಅಂದಾಜಿನಲ್ಲಿ ತಗೊಂಡದ್ದು. ಎರಡು ಸೈಜ್ ದೊಡ್ಡದೇ ತಗೊಂಡಿದ್ದೆ ನಾನು." ಅವಳ ಸ್ವರ ಒಡೆಯಿತು. "ಇಲ್ಲಿಂದ ಕಳಿಸಿದ ಒಂದು ಸಾಮಾನೂ ಅಲ್ಲಿಗೆ ಸರಿ ಹೋಗುವುದಿಲ್ಲ."

"ಹಾಲಿನ ಪುಡಿ ಅರ್ಧ ಮುಗಿದಿದೆ" ಎಂದುಬಿಟ್ಟೆ. ಅವಳು ಅಳುತ್ತಲೇ ನಕ್ಕಳು. ಫೋನಿಡುವ ಮೊದಲು, "ಆಪರೇಶನ್ ಆದವರಿಗೆ ಮೊದಲ ದಿನ ನಾವೂ ಗಂಜಿ ತಿಳಿ ಮಾತ್ರ ಕೊಡುವುದು. ಗೊತ್ತಾಯ್ತು ನನಗೆ. ಆದ್ರೆ ಬೇಜಾರು ಆಗ್ತದೆ ಅಲ್ವಾ?" ಎಂದಳು. ಆಗ್ತದೆ ಎಂದೆ.

ಅವಳು ಬರುವ ಮೊದಲೇ ರಿಂಗು ಕೂರಿಸಿ ಮುಗಿಸಿದರೆ ಆ ದಿನ ಅವಳ ಆಯಿಲನ್ನೇ ಹಾಕಿಕೊಂಡು ಹೋಗಬಹುದೆಂಬ ಲೆಕ್ಕ ನನ್ನ ಮನಸ್ಸಿನಲ್ಲಿ ಇನ್ನೂ ಇತ್ತು. ಸಾದಾ ಆಯಿಲ್ ಹಾಕಿ ಎಂಜಿನ್ ಚಾಲು ಮಾಡಿದೆ. ಮೊದಲ ಸಲಕ್ಕೇ ಹಿಡಿಯಿತು, ಶಬ್ದವೂ ಸಾಫು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಗೇರ್‌ಬಾಕ್ಸಿನ ಅಡಿಯಲ್ಲಿ ನೆಲದ ಮೇಲೆ ಕೈಯಗಲದ ಆಯಿಲು. ಕ್ರ್ಯಾಂಕಿನ ಹಿಂದಿನ ಸೀಲು ಸೋರುತ್ತಿತ್ತು. ಅಲ್ಲಿ ಕ್ರ್ಯಾಂಕಿನ ಮೈಯಲ್ಲೇ ಹಳೆಯ ಸೀಲು ತಿಂದ ಗೆರೆಯಿದ್ದು, ಹೊಸ ಸೀಲು ಸರಿಯಾಗಿ ಅದರ ಮೇಲೆಯೇ ಕೂತಿತ್ತು. ಗೇರ್‌ಬಾಕ್ಸ್ ಇಳಿಸಿ, ಸೀಲನ್ನು ಒಂದಿಷ್ಟು ಮುಂದೆ ಕೂರಿಸಿ, ಮತ್ತೆ ಏರಿಸುವಾಗ ಇನ್ನಷ್ಟು ದಿನ ಹೋದವು. ಗಿರಾಕಿಗಳ ಕೆಲಸವನ್ನೂ ಬಿಡುವಂತಿರಲಿಲ್ಲ.

ಆಮೇಲೆ ಓಡಿಸುವ ಕೆಲಸ. ಹೊಸ ಎಂಜಿನನ್ನು ನಿಲ್ಲಿಸಿಯೇ ಗಂಟೆಗಟ್ಟಲೆ ಚಾಲು ಇಟ್ಟರೆ ರಿಂಗು ಕೂರುವುದಿಲ್ಲ. ರಸ್ತೆಯಲ್ಲಿ, ಏರಿಳಿತದಲ್ಲಿ, ಒಂದೇ ವೇಗ ಹಿಡಿಯದೆ ಓಡಿಸಬೇಕು. ಏರಿನಲ್ಲಿ ಮೂರನೇ ಗೇರಿನಲ್ಲಿ ನಿಧಾನ ಒತ್ತಡ ಕೊಡುವುದು, ಇಳಿಜಾರಿನಲ್ಲಿ ಕಾಲು ತೆಗೆದು ಎಂಜಿನನ್ನೇ ಹಿಡಿಯಲಿಕ್ಕೆ ಬಿಡುವುದು. ಹಾಗೆ ಒತ್ತಿ ಬಿಟ್ಟು ಮಾಡಿದಾಗಲೇ ರಿಂಗು ಬೋರಿಗೆ ಹೊಂದುವುದು. ನಮ್ಮ ಊರಿನ ರಸ್ತೆಗಳು ಅದಕ್ಕೆಂದೇ ಮಾಡಿದ ಹಾಗಿವೆ. ಗ್ಯಾರೇಜು ತೆರೆಯುವ ಮೊದಲು, ಬೆಳಕು ಹರಿಯುತ್ತಲೇ ಹೊರಡುತ್ತಿದ್ದೆ. ಮೂಡುಬಿದಿರೆ ಪೇಟೆ ದಾಟಿ ಸಿದ್ದಕಟ್ಟೆ ಮೇಲಿಂದ ಬಂಟ್ವಾಳ, ಅಲ್ಲಿಂದ ಪುಂಜಾಲಕಟ್ಟೆಯ ಏರು ಹತ್ತಿ ಬೆಳ್ತಂಗಡಿ, ಅಲ್ಲೊಂದು ಚಹಾ ಕುಡಿದು ಗುರುವಾಯನಕೆರೆಗೆ ಹಿಂದಿರುಗಿ ವೇಣೂರು ದಾರಿಯಾಗಿ ಮತ್ತೆ ಮೂಡುಬಿದಿರೆ.

ಆ ಸುತ್ತುಗಳಲ್ಲಿ ನನ್ನ ಕಿವಿ ಎಂಜಿನಿನಲ್ಲಿತ್ತು, ಮನಸ್ಸು ಇರಲಿಲ್ಲ. ಎಡಬದಿಯ ಸೀಟು ಖಾಲಿ. ಮದುವೆಯಾದ ಹೊಸದರಲ್ಲಿ ಅವಳು ಬೆಳ್ತಂಗಡಿಯ ನರ್ಸಿಂಗ್ ಹೋಮ್ ಒಂದರಲ್ಲಿ ಕೆಲಸಕ್ಕಿದ್ದಳು. ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಇದೇ ವೇಣೂರು ದಾರಿಯಲ್ಲಿ ನಿದ್ದೆ ತೂಗುತ್ತ ಬರುತ್ತಿದ್ದಳು. ಒಂದೆರಡು ಸಲ ತೋಡಾರಿನಲ್ಲಿ ಇಳಿಯಲು ಮರೆತು ಮುಂದಿನ ಸ್ಟಾಪಿನಿಂದ ನಡೆದು ಬಂದದ್ದೂ ಉಂಟು. ಆಗ ನನ್ನಲ್ಲಿ ಗಾಡಿ ಇರಲಿಲ್ಲ. ಈಗ ಗಾಡಿ ಇದೆ, ದಾರಿಯಿದೆ, ಸ್ಟಾಪುಗಳಲ್ಲಿ ಬಿಳಿ ಸೀರೆಯುಟ್ಟು ಬಸ್ಸು ಕಾಯುವ ಬೇರೆ ನರ್ಸುಗಳೂ ಕಾಣುತ್ತಾರೆ. ಅಂಥ ಒಂದು ಬೆಳಿಗ್ಗೆ ಏರಿನಲ್ಲಿ ಒತ್ತಡ ಕೊಡುವುದನ್ನೇ ಮರೆತು ಎಂಜಿನ್ ಜಗ್ಗಿ ನಿಂತಾಗ ಹಿಂದಿನ ಬಸ್ಸಿನವನಿಂದ ಬೈಸಿಕೊಂಡೆ.

ಕೆಲವು ಸುತ್ತುಗಳಾದ ಮೇಲೆ ಮೊದಲ ಆಯಿಲನ್ನು ಬಿಸಿ ಇರುವಾಗಲೇ ಇಳಿಸಿದೆ. ಬಿಸಿಲಿಗೆ ಹಿಡಿದರೆ ಅದರಲ್ಲಿ ಸಣ್ಣ ಸಣ್ಣ ಮಿನುಗು. ಉಜ್ಜಿದ ಲೋಹದ ಪುಡಿ ಅದು. ಹಾಗಿರಬೇಕು, ಮೊದಲ ಸಲ ಇರಲೇಬೇಕು. ಫಿಲ್ಟರ್ ಬದಲಿಸಿ ಎರಡನೇ ಸಲಕ್ಕೂ ಸಾದಾ ಆಯಿಲೇ ಹಾಕಿದೆ. ಹೆಡ್ಡಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದೆ. ಇನ್ನರ್ಧ ಓಡಿದರೆ ಮುಗಿಯಿತು.

ಆಗ ಫೋನು ಬಂತು. ಶುಕ್ರವಾರವಲ್ಲದ ದಿನ.

"ಬರ್ಲಿಕ್ಕೆ ಆಗುವುದಿಲ್ಲ" ಎಂದಳು. "ನಮ್ಮ ವಾರ್ಡಿನ ಇಬ್ಬರು ಕೆಲಸ ಬಿಟ್ಟು ಹೋದ್ರು. ರಜೆ ಎಲ್ಲರದ್ದೂ ಕಟ್. ಏಪ್ರಿಲಲ್ಲಿ ಕೊಡ್ತಾರಂತೆ."

"ಅಂತೆಯಾ, ಕೊಡ್ತಾರಾ?"

"ನನಗೆ ಹೇಗೆ ಗೊತ್ತು?" ಎಂದು ಅವಳು ರೇಗಿದಳು. ಮಗಳಿಗೆ ಕೊಡಿ ಎಂದಳು. ಮಗಳು ರಿಸೀವರನ್ನು ಕಿವಿಗೆ ಹಿಡಿದು ಹೂಂ, ಹೂಂ ಎಂದಷ್ಟೇ ಹೇಳಿ ನನಗೆ ವಾಪಸು ಕೊಟ್ಟಳು. ಅಷ್ಟರಲ್ಲಿ ಲೈನು ಹೋಗಿತ್ತು.

ಕಾರನ್ನು ಗೇರುಮರದಡಿ ನಿಲ್ಲಿಸಿದೆ. ದಿನಗಟ್ಟಲೆ ಅದರ ಹತ್ತಿರ ಹೋಗಲಿಲ್ಲ. ಅರ್ಧ ಸೆಟ್ಟಾದ ಎಂಜಿನನ್ನು ಹಾಗೆ ಬಿಡಬಾರದೆಂದು ನನಗೆ ಗೊತ್ತಿತ್ತು, ಆದರೆ ಯಾರಿಗಾಗಿ ಸುತ್ತಬೇಕು ಎಂದಾಗುತ್ತಿತ್ತು. ಗ್ಯಾರೇಜಿಗೆ ಬಂದವರ ಹತ್ತಿರ ಸಣ್ಣ ಮಾತಿಗೂ ಸಿಡುಕುತ್ತಿದ್ದೆನೆಂದು ಅಕ್ಕ ಆಮೇಲೆ ಹೇಳಿದಳು.

ಒಂದು ಭಾನುವಾರ ಬೆಳಿಗ್ಗೆ ನೋಡಿದರೆ ಮಗಳು ಆ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದಾಳೆ. ಬಾಗಿಲನ್ನು ಒಳಗಿನಿಂದ ಎಳೆದುಕೊಂಡಿದ್ದಾಳೆ.

"ಎಂತ ಮಾಡ್ತಾ ಇದ್ದಿ?"

"ಹೋಗುವ" ಎಂದಳು.

"ಎಲ್ಲಿಗೆ?"

"ನೀವು ದಿನಾ ಹೋಗ್ತೀರಲ್ಲ, ಅಲ್ಲಿಗೆ." ಸ್ವಲ್ಪ ಯೋಚಿಸಿ ಕೇಳಿದಳು, "ಅಪ್ಪ, ಅಮ್ಮ ಬಂದ್ರೆ ಇಲ್ಲಿ ಅಮ್ಮ ಕೂರುವುದಾ, ನಾನು ಕೂರುವುದಾ?"

"ನೀನು ಅಮ್ಮನ ಮಡಿಲಲ್ಲಿ ಕೂರು."

ಅವಳು ತಲೆಯಲ್ಲಾಡಿಸಿದಳು. "ನಾನು ಹಿಂದೆ ಕೂರ್ತೇನೆ. ನನಗೆ ನಾಚಿಕೆ ಆಗ್ತದೆ."

ಆ ದಿನ ಇಬ್ಬರೂ ಹೋದೆವು. ಬೆಳ್ತಂಗಡಿಯಲ್ಲಿ ಅವಳಿಗೆ ಬನ್ಸು ತಿನ್ನಿಸಿದೆ. ದಾರಿಯುದ್ದಕ್ಕೂ ಅಮ್ಮನ ಬಗ್ಗೆ ನನಗೆ ನೆನಪಿದ್ದದ್ದನ್ನೆಲ್ಲ ಹೇಳುತ್ತ ಹೋದೆ. ಬಸ್ಸಿನಲ್ಲಿ ನಿದ್ದೆ ಹೋಗಿ ಸ್ಟಾಪು ತಪ್ಪಿದ್ದು ಅವಳಿಗೆ ತುಂಬ ಇಷ್ಟವಾಯಿತು, ಪುನಃ ಹೇಳಿಸಿದಳು. ಆಮೇಲೆ ಪ್ರತಿ ಭಾನುವಾರ ಒಂದು ಸುತ್ತು. ಅವಸರವಿಲ್ಲದೆ ಓಡಿದ್ದರಿಂದಲೋ ಏನೋ, ರಿಂಗು ಬಹಳ ಚೆನ್ನಾಗಿ ಕೂತಿತು. ನಾಲ್ಕು ಬೋರಿನ ಒಳಗಿನ ಒತ್ತಡ, ಎಂದರೆ ಕಂಪ್ರೆಷನ್, ನೋಡಿದಾಗ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಇಲ್ಲ ಎನ್ನಬಹುದಿತ್ತು. ಕಡ್ಡಿ ಎಳೆದು ನೋಡಿದರೆ ಆಯಿಲಿನ ಮಟ್ಟ ಇಳಿದಿರಲಿಲ್ಲ. ಹೊಗೆಯಿಲ್ಲ.

ಈಗ ಸಿಂಥೆಟಿಕ್ ಹಾಕಲು ಅಡ್ಡಿಯಿರಲಿಲ್ಲ. ಆದರೂ ಹಾಕಲಿಲ್ಲ. ಕ್ಯಾನಿನಲ್ಲಿದ್ದರೆ ಅದು ಕೆಡುವುದಿಲ್ಲ. ಎಂಜಿನಿಗೆ ಹಾಕಿದ ದಿನದಿಂದ ಅದರ ಆಯುಷ್ಯ ಶುರುವಾಗುತ್ತದೆ. ಅವಳು ಬರಲಿ ಎಂದುಕೊಂಡೆ.

ಏಪ್ರಿಲ್ ಕಳೆದು ಮೇ ತಿಂಗಳಲ್ಲಿ ಬಂದಳು. ಬಜಪೆಯಲ್ಲಿ ಹೊರಗೆ ಕಟಕಟೆಯ ಹತ್ತಿರ ಅವಳನ್ನು ನೋಡಿದಾಗ ಫೋನಿನ ಸ್ವರ ಕೇಳಿ ಅಂದುಕೊಂಡದ್ದಕ್ಕಿಂತ ತೆಳ್ಳಗಾಗಿದ್ದಾಳೆ ಎನ್ನಿಸಿತು. ಮಗಳು ನನ್ನ ಕಾಲಿನ ಹಿಂದೆ ಅಡಗಿದಳು. ಹೆಂಡತಿ ಅವಳನ್ನು ಎತ್ತಿಕೊಳ್ಳಲು ಕೈ ಚಾಚಿ, ಏನು ಅನ್ನಿಸಿತೋ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಟ್ರಾಲಿ ಹಿಡಿದಳು.

ಕಾರು ಹೊರಟು ಸ್ವಲ್ಪ ದೂರ ಬಂದ ಮೇಲೆ, "ಇದು ಸಾದಾ ಆಯಿಲಾ?" ಎಂದು ಕೇಳಿದಳು.

"ಹೌದು."

"ಒಳ್ಳೇ ಓಡ್ತದಲ್ಲ" ಎಂದು ಕಿಟಕಿಯ ಕಡೆ ತಿರುಗಿಕೊಂಡಳು.

ಮಗಳು ಮೂರು ದಿನ ಅಕ್ಕನ ಸೆರಗು ಬಿಡಲಿಲ್ಲ. ಅಮ್ಮ ಕರೆದರೆ ಬಾಗಿಲವರೆಗೆ ಬಂದು ನಿಲ್ಲುವಳು. ಹೆಂಡತಿ ಒತ್ತಾಯ ಮಾಡಲಿಲ್ಲ, ಆದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ನಾಲ್ಕನೇ ದಿನ ನಾನು ಗ್ಯಾರೇಜಿನಲ್ಲಿ ಕಾರಿನ ಹಳೆಯ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಚೇಂಬರಿನ ಬೋಲ್ಟು ಬಿಗಿದು ಇಬ್ಬರನ್ನೂ ಕರೆದೆ.

"ನೀನೇ ಹಾಕು" ಎಂದು ಹೆಂಡತಿಯ ಕೈಗೆ ಕ್ಯಾನು ಕೊಟ್ಟೆ.

ಅವಳು ಪ್ಲಾಸ್ಟರನ್ನು ಉಗುರಿನಿಂದ ಬಿಡಿಸಿದಳು. ಕ್ಯಾನು ಭಾರ, ಎಂಜಿನಿನ ಬಾಯಿ ಚಿಕ್ಕದು, ಆಲಿಕೆ ಇಟ್ಟರೂ ಓಲಾಡುತ್ತಿತ್ತು. ಅವಳಿಗೆ ಎರಡು ಕೈ ಸಾಲಲಿಲ್ಲ. ನಾನು ಹಿಡಿಯಲು ಹೊರಟವನು ನಿಂತೆ. ಮಗಳು ತಾನಾಗಿಯೇ ಬಂಪರಿನ ಮೇಲೆ ಹತ್ತಿ, ಆಲಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮೆಲ್ಲ ಹೊಯ್ಯಿ" ಎಂದಳು ಅಮ್ಮನಿಗೆ. ನಾನು ಹೇಳುವ ಧಾಟಿಯಲ್ಲೇ.

ಹೆಂಡತಿ ಮೆಲ್ಲ ಹೊಯ್ದಳು. ಜೇನಿನ ಬಣ್ಣದ ಆಯಿಲು ದಾರದ ಹಾಗೆ ಇಳಿಯುತ್ತಿತ್ತು. ಅವಳ ಕಣ್ಣು ಆಲಿಕೆಯ ಮೇಲಿರಲಿಲ್ಲ, ಅದನ್ನು ಹಿಡಿದ ಪುಟ್ಟ ಬೆರಳುಗಳ ಮೇಲಿತ್ತು. ಸ್ವಲ್ಪ ಹೊರಗೆ ಚೆಲ್ಲಿತು. ಚೆಲ್ಲಿದ್ದನ್ನು ನಾನು ತಕ್ಷಣ ಒರೆಸಲಿಲ್ಲ.

ಆ ರಜೆಯಲ್ಲಿ ನಾವು ಮೂವರೂ ಆ ಸುತ್ತನ್ನು ಎಷ್ಟು ಸಲ ಹೋದೆವೋ. ಪಾಣೆಮಂಗಳೂರಿನಲ್ಲಿ ಹಾಜಿಯವರು ಅವಳಿಗೆ ಶರಬತ್ತು ತರಿಸಿಕೊಟ್ಟು, "ನಿಮ್ಮ ಯಜಮಾನ್ರು ಭಾರೀ ಹಟದವರು" ಎಂದರು. ಮೆಲ್ಕಾರಿನಲ್ಲಿ ಮಗಳಿಗೆ ಬೂಟು ತೆಗೆದುಕೊಂಡೆವು, ಕಾಲಿಗೆ ಹಾಕಿಸಿ ನೋಡಿ. ಹಿಂದೆ ಕೂರುತ್ತೇನೆ ಎಂದಿದ್ದವಳು ಅಮ್ಮನ ಮಡಿಲಿಗೆ ಬಂದಿದ್ದಳು. ಜೂನಿನಲ್ಲಿ ಹೆಂಡತಿ ಮತ್ತೆ ಹೋದಳು. ಈ ಸಲ ಅವಳೇ ಮಗಳ ಪಾದವನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ಮಡಿಸಿಕೊಂಡು ಹೋದಳು.

ಒಳ್ಳೆಯ ಆಯಿಲೇ ಅದು. ಬೇಸಿಗೆಯಲ್ಲಿ ಎಂಜಿನ್ ಕಾದಾಗಲೂ ಶಬ್ದ ಬದಲಾಗುತ್ತಿರಲಿಲ್ಲ. ಸಾದಾ ಆಯಿಲ್ ಆಗಿದ್ದರೆ ಆ ಮಳೆಗಾಲ ಮುಗಿಯುವುದರೊಳಗೆ ಬದಲಿಸಬೇಕಿತ್ತು. ಇದು ಓಡುತ್ತಲೇ ಇತ್ತು. ಅವಳು ಹೊಯ್ದ ಆಯಿಲ್ ಎಂದು ಬೆಳಿಗ್ಗೆ ಕಡ್ಡಿ ಎಳೆದು ನೋಡುವುದು ಒಂದು ಅಭ್ಯಾಸವಾಯಿತು. ದಿನ ಹೋದಂತೆ ಅದು ಕಂದು ಬಣ್ಣಕ್ಕೆ ತಿರುಗಿತು, ಆಮೇಲೆ ಕಪ್ಪು. ವರ್ಷ ತುಂಬಿತು. ಸಿಂಥೆಟಿಕ್ ಆದರೂ ವರ್ಷಕ್ಕೊಮ್ಮೆ ಬದಲಿಸಬೇಕು. ಅದೇ ಹೊತ್ತಿಗೆ ಅವಳು ಇನ್ನೂ ಎರಡು ವರ್ಷಕ್ಕೆ ಸಹಿ ಹಾಕಿದ್ದಳು.

ಇನ್ನು ಸ್ವಲ್ಪ ದಿನ ಇರಲಿ ಎಂದು ಒಂದು ತಿಂಗಳು ದೂಡಿದೆ. ಗಿರಾಕಿ ಯಾರಾದರೂ ಹಾಗೆ ದೂಡಿದ್ದರೆ ಬೈಯುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಎಂಜಿನ್ ಬಿಸಿ ಮಾಡಿ, ಬೋಲ್ಟು ಬಿಚ್ಚಿದೆ. ಪೂರ್ತಿ ಇಳಿಯಲು ಬಹಳ ಹೊತ್ತು ಬಿಟ್ಟೆ. ಬ್ಯಾರಲ್ಲಿನ ಸಾದಾ ಆಯಿಲ್ ಹಾಕಿ ಮುಚ್ಚಿದೆ.

ಶುಕ್ರವಾರ ಹೇಳಿದೆ. "ನೀನು ಹಾಕಿದ ಆಯಿಲ್ ತೆಗ್ದೆ."

"ಪೂರಾ?"

"ಪೂರಾ. ಇಡ್ಲಿಕ್ಕೆ ಆಗುವುದಿಲ್ಲ ಇನ್ನು."

ಆ ಶುಕ್ರವಾರ ಅವಳಿಗೆ ರಜೆಯಿರಲಿಲ್ಲ, ಆಸ್ಪತ್ರೆಯಿಂದಲೇ ಮಾತಾಡುತ್ತಿದ್ದಳು. ಹಿಂದಿನಿಂದ ಯಾರೋ ಅವಳನ್ನು ಸಿಸ್ಟರ್ ಎಂದು ಕರೆಯುವುದು ಕೇಳಿಸಿತು.

"ಒಳ್ಳೇದಾಯ್ತು" ಎಂದಳು. "ಗಾಡಿ ಓಡ್ಬೇಕಲ್ಲ."

"ಇನ್ನೊಂದು ಕ್ಯಾನು ಯಾರ ಹತ್ರ ಆದ್ರೂ ಕಳಿಸ್ತೀಯಾ?" ನಾನು ಹಾಗೆ ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಇಲ್ಲ" ಎಂದಳು. "ಇನ್ನು ನಾನು ಇಲ್ಲಿಂದ ಕಳಿಸುವುದಿಲ್ಲ. ಹಾಜಿಯವರಿಗೆ ತರಿಸ್ಲಿಕ್ಕೆ ಹೇಳಿ ಇಡಿ. ನಾನು ಬಂದ ಮೇಲೆ ನಾವು ಮೂರು ಜನವೂ ಹೋಗಿ ತರುವ."

ಆಯ್ತು ಎಂದೆ. ಸಂಜೆ ಗ್ಯಾರೇಜು ಮುಚ್ಚಿ ಪಾಣೆಮಂಗಳೂರಿಗೆ ಹೋದೆ. ಹಾಜಿಯವರು ನಮಾಜು ಮುಗಿಸಿ ಅಂಗಡಿಗೆ ಮರಳಿ ದೀಪ ಹಾಕುತ್ತಿದ್ದರು. ಸಿಂಥೆಟಿಕ್ ಒಂದು ಕ್ಯಾನು ತರಿಸಿಡಬೇಕು ಎಂದು ಹೇಳಿದೆ.

"ಯಾವಾಗಕ್ಕೆ?" ಎಂದು ಕೇಳಿದರು.

"ಎರಡು ವರ್ಷ ಉಂಟು" ಎಂದೆ.

ಅವರು ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. "ಆಯ್ತು, ತರಿಸುವ" ಎಂದರು. ಕೂತುಕೊಳ್ಳಲು ಸ್ಟೂಲು ಎಳೆದುಕೊಟ್ಟು ಚಹಾಕ್ಕೆ ಹೇಳಿದರು.